ಮನೆಗೆ ಬಂದ ಹಾವು: ಸಾಕೋದಾ, ಬಿಡೋದಾ, ಬಿಡೋದಾದರೆ ಎಲ್ಲಿ?

ಆಷಾಢದ ಮಳೆ ಸ್ವಲ್ಪ ಹೊಳವಾಗಿದ್ದ ಒಂದು ಬೆಳಿಗ್ಗೆ ಅಣ್ಣನ ಮಗ ಐದು ಲೀಟರಿನ ನೀರಿನ ಕ್ಯಾನ್ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದ. ಒಳಗೆ ಪೆನ್ಸಿಲ್ ದಪ್ಪದ ಒಂದು ಮರಿಹಾವು. ಬಚ್ಚಲಿನ ನೀರು ಹೊರಗೆ ಹೋಗುವ ತೂತಿನ ಹತ್ತಿರ ಸಿಕ್ಕಿತಂತೆ, ಕಡ್ಡಿಯಲ್ಲಿ ತಳ್ಳಿ ಕ್ಯಾನಿಗೆ ತುಂಬಿದ್ದಾನೆ. "ಅತ್ತೆ, ಇದನ್ನ ಸಾಕಬಹುದಾ?" ಅವನ ಎರಡೂ ಕೈಯನ್ನು ತಿರುಗಿಸಿ ನೋಡಿ, ಎಲ್ಲೂ ಗೀರಿಲ್ಲ ಅಂತ ಖಾತ್ರಿಯಾದ ಮೇಲೆಯೇ ನನಗೆ ಬೈಯುವಷ್ಟು ಉಸಿರು ಬಂದದ್ದು.

ತಿಂಡಿ ಮುಗಿಯುವಷ್ಟರಲ್ಲಿ ಮನೆಯಲ್ಲಿ ನಾಲ್ಕು ಅಭಿಪ್ರಾಯ ಹುಟ್ಟಿದ್ದವು. ಹುಡುಗನಿಗೆ ಸಾಕಬೇಕು, ಹೆಚ್ಚೆಂದರೆ "ಎರಡು ದಿನ ಇಟ್ಕೊಂಡು ಬಿಡ್ತೀನಿ". ಅಣ್ಣನಿಗೆ ಬೈಕಿನಲ್ಲಿ ಒಯ್ದು ದೂರದ ಕಾಡಿನಲ್ಲಿ ಬಿಡಬೇಕು. ಅಮ್ಮನಿಗೆ, ದೇವರ ಹಾವಾದರೆ ಹಾಲಿಟ್ಟು ನಾಗಬನಕ್ಕೆ ಕಳಿಸಬೇಕು. ಅತ್ತಿಗೆಗೆ ಮಾತ್ರ ಸ್ಪಷ್ಟವಿತ್ತು: "ಎಲ್ಲಾದ್ರೂ ಬಿಡಿ, ಮನೆಯೊಳಗೆ ಬೇಡ."

ಇಪ್ಪತ್ತು ವರ್ಷದಿಂದ ಅಡಿಕೆ ತೋಟದ ಮನೆಯಲ್ಲಿ ಹಾವುಗಳ ಜತೆ ಬದುಕಿ, ಹಾವು ಹಿಡಿಯುವವರನ್ನು ಲೆಕ್ಕವಿಲ್ಲದಷ್ಟು ಸಲ ಕರೆಸಿ ನಾನು ಕಲಿತದ್ದು ಇಷ್ಟು. ಸಾಕುವುದೋ ಬಿಡುವುದೋ ಎಂಬ ಪ್ರಶ್ನೆಗೆ ಉತ್ತರ ಸಲೀಸು. ಜನ ತಪ್ಪುವುದು ಅದರ ನಂತರದ ಪ್ರಶ್ನೆಯಲ್ಲಿ, ಎಲ್ಲಿ ಬಿಡುವುದು ಎಂಬಲ್ಲಿ.

ಸಾಕುವುದು

ಮೊದಲು ಕಾನೂನು ನೋಡೋಣ, ಯಾಕೆಂದರೆ ಅಲ್ಲಿ ಚರ್ಚೆಗೇ ಜಾಗವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಬೇಟೆ' ಅಂದರೆ ಕೊಲ್ಲುವುದು ಮಾತ್ರವಲ್ಲ, ಹಿಡಿಯುವುದೂ ಬೇಟೆಯೇ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ನಾಗರ, ಕಾಳಿಂಗ, ಕೊಳಕು ಮಂಡಲ, ಹೆಬ್ಬಾವುಗಳ ಜತೆಗೆ ನಮ್ಮ ಬಡಪಾಯಿ ಕೇರೆಯೂ ಮೊದಲನೇ ಅನುಸೂಚಿಯಲ್ಲಿದೆ. ಹುಲಿ, ಆನೆ ಇರುವುದೂ ಅದೇ ಅನುಸೂಚಿಯಲ್ಲಿ. ಆ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಮಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಕಾಡುಪ್ರಾಣಿ ಸರ್ಕಾರದ ಸ್ವತ್ತು. ಹೇಗೋ ನಿಮ್ಮ ಕೈಗೆ ಬಂದುಬಿಟ್ಟಿದ್ದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರ ಪಡೆದ ಅಧಿಕಾರಿಗೋ ತಿಳಿಸಬೇಕು. "ನಮ್ಮ ಮನೆಗೆ ಅದೇ ಬಂತು, ನಾವು ಹುಡುಕಿಕೊಂಡು ಹೋಗಿದ್ದಲ್ಲ" ಎಂಬ ವಾದ ಕೇಳಲು ಚೆನ್ನಾಗಿದೆ, ಅಷ್ಟೆ.

"ಬೆಂಗಳೂರಿನಲ್ಲಿ ಬಾಲ್ ಪೈಥಾನ್ ಸಾಕ್ತಾರಲ್ಲ?" ಅಂತ ಹುಡುಗ ಕೇಳಿಯೇ ಕೇಳಿದ. ಅದು ಆಫ್ರಿಕಾ ಮೂಲದ, ಪಂಜರದಲ್ಲಿ ಸಂತಾನ ಮಾಡಿಸಿದ ಹಾವುಗಳ ವ್ಯಾಪಾರ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಅಂಥ ಪ್ರಾಣಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಚ್ಚಲಲ್ಲಿ ಸಿಕ್ಕ ನಮ್ಮೂರಿನ ಹಾವಿಗೆ ಅಂಥ ಯಾವ ದಾರಿಯೂ ಇಲ್ಲ.

ಕಾನೂನು ಬಿಡಿ, ಹಾವಿನ ಕಡೆಯಿಂದ ನೋಡಿ. ನಾಯಿಮರಿಗೆ ಹಸಿವಾದರೆ ಕುಂಯ್‌ಗುಡುತ್ತದೆ, ಹಸು ಅಂಬಾ ಅನ್ನುತ್ತದೆ. ಹಾವಿಗೆ ಕಷ್ಟ ಹೇಳಿಕೊಳ್ಳಲು ದನಿಯೂ ಇಲ್ಲ, ಮುಖಭಾವವೂ ಇಲ್ಲ. ಕಾಡಿನಿಂದ ಹಿಡಿದ ಹಾವು ಬೋನಿನಲ್ಲಿ ವಾರಗಟ್ಟಲೆ ಏನೂ ತಿನ್ನದೆ ಕೂರಬಹುದು. ನೋಡುವವರಿಗೆ "ಆರಾಮಾಗಿ ಮಲಗಿದೆ" ಅನ್ನಿಸುತ್ತದೆ. ಅದಕ್ಕೆ ಬೆಚ್ಚಗಿನ ಒಂದು ಮೂಲೆ, ತಂಪಾದ ಒಂದು ಮೂಲೆ, ಅಡಗಲು ಕತ್ತಲು, ಸರಿಯಾದ ತೇವ ಎಲ್ಲ ಬೇಕು. ತೇವ ಕಡಿಮೆಯಾದರೆ ಪೊರೆ ಪೂರ್ತಿ ಕಳಚದೆ ಕಣ್ಣಿನ ಮೇಲೆಯೇ ಅಂಟಿಕೊಳ್ಳುತ್ತದೆ. ಗಾಜಿಗೆ ಮೂತಿ ಉಜ್ಜಿ ಉಜ್ಜಿ ಗಾಯ, ಆಮೇಲೆ ಬಾಯಲ್ಲಿ ಕೀವು. ಇನ್ನು ಹಾಲು! ಹಾವು ಸಸ್ತನಿಯಲ್ಲ, ಹಾಲು ಅದರ ಆಹಾರವಲ್ಲ. ಹಿಂದೆ ಹಾವಾಡಿಗರ ಬುಟ್ಟಿಯ ಹಾವು ಹಾಲು ಕುಡಿಯುತ್ತಿದ್ದದ್ದು ದಿನಗಟ್ಟಲೆ ನೀರಿಲ್ಲದ ಬಾಯಾರಿಕೆಗೆ. ಅಮ್ಮನಿಗೆ ಇದನ್ನು ಹೇಳಿದಾಗ ಒಂದು ಕ್ಷಣ ಸುಮ್ಮನಿದ್ದು, "ಹಾಗಾದ್ರೆ ಹುತ್ತಕ್ಕೆ ಹೊಯ್ದಿದ್ದೆಲ್ಲ ಇರುವೆಗೆ ಹೋಯ್ತಾ" ಅಂದಳು. ಹೋಯಿತು.

ಹುಡುಗನ "ಎರಡು ದಿನ ಇಟ್ಟು ಬಿಡ್ತೀನಿ" ಎಂಬ ರಾಜಿಸೂತ್ರ ಇನ್ನೂ ಕೆಟ್ಟದ್ದು. ಎರಡು ದಿನ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ಹಾವು ಬಿಡುವ ಹೊತ್ತಿಗೆ ಹೈರಾಣಾಗಿರುತ್ತದೆ. ಡಬ್ಬಿ ಬಿಸಿಲಿಗೆ ಬಿದ್ದರಂತೂ ಸ್ವಲ್ಪ ಹೊತ್ತಿನಲ್ಲೇ ಬೆಂದುಹೋಗುತ್ತದೆ, ಏಕೆಂದರೆ ಬೆವರುವ, ನೆರಳಿಗೆ ಸರಿಯುವ ಯಾವ ಉಪಾಯವೂ ಅದಕ್ಕಿಲ್ಲ. ಬೇರೆ ಹಾವುಗಳ ಜತೆ ಇಟ್ಟು ಬಿಟ್ಟರೆ ಒಂದರ ರೋಗ, ಪರೋಪಜೀವಿ ಇನ್ನೊಂದರ ಮೂಲಕ ಕಾಡಿಗೆ ಹೋಗುತ್ತವೆ.

'ಸಾಕುವುದು' ಎಂಬುದಕ್ಕೆ ಇನ್ನೊಂದು ಕರಾಳ ಮುಖವಿದೆ. ಬಯಲುಸೀಮೆಯ ಹೊಲಗಳಲ್ಲಿ ಸಿಗುವ ಮಣ್ಣುಮುಕ್ಕ ಹಾವು, ಜನ ಎರಡು ತಲೆ ಹಾವು ಅನ್ನುವುದು, ವಿಷವಿಲ್ಲದ ಸಾಧು ಜೀವಿ. ಬಾಲ ಮೊಂಡಾಗಿ ತಲೆಯ ಹಾಗೇ ಕಾಣುತ್ತದೆ. ಅಷ್ಟಕ್ಕೇ ಅದು ನಿಧಿ ತೋರಿಸುತ್ತದೆ, ಅದೃಷ್ಟ ತರುತ್ತದೆ, ತೂಕ ಹೆಚ್ಚಾದಷ್ಟೂ ಲಕ್ಷಗಟ್ಟಲೆ ಬೆಲೆ ಎಂಬ ಕಥೆ ಹುಟ್ಟಿ, ಮಾರಲು ಹೋದವರನ್ನು ಪೊಲೀಸರು ಹಿಡಿಯುವ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾರಾದರೂ "ಒಳ್ಳೆ ಗಿರಾಕಿ ಇದ್ದಾರೆ, ನಾಲ್ಕು ದಿನ ಗೋಣಿಯಲ್ಲಿ ಇಟ್ಟಿರಿ" ಅಂದರೆ, ಆ ಗೋಣಿಯಲ್ಲಿ ಕೂತಿರುವುದು ನಿಮ್ಮ ಜೈಲುವಾಸ ಅಂತ ತಿಳಿಯಿರಿ.

ದೂರದ ಕಾಡಿಗೆ ಒಯ್ದು ಬಿಡುವುದು

ಅಣ್ಣನ ಸಲಹೆ ಇದು, ನೂರಕ್ಕೆ ತೊಂಬತ್ತು ಜನರದ್ದೂ ಇದೇ. ಪುಣ್ಯದ ಕೆಲಸದ ಹಾಗೆ ಕಾಣುತ್ತದೆ: ಕೊಲ್ಲಲಿಲ್ಲ, ಸಾಕಲಿಲ್ಲ, ಪಾಪ, ಅದರ ಮನೆಗೆ ಕಳಿಸಿಕೊಟ್ಟೆವು. ಆದರೆ ಅದರ ಮನೆ ಅದಲ್ಲ. ಅದರ ಮನೆ ನಿಮ್ಮ ಕೊಟ್ಟಿಗೆಯ ಹಿಂದಿನ ಕಲ್ಲುರಾಶಿ.

ಹಾವಿಗೆ ತನ್ನ ಸುತ್ತಲಿನ ನೆಲದ ಪರಿಚಯವಿರುತ್ತದೆ: ಯಾವ ಬಿಲದಲ್ಲಿ ಇಲಿ, ಎಲ್ಲಿ ನೀರು, ಎಲ್ಲಿ ಚಳಿಗೆ ಬಿಸಿಲು, ಗಿಡುಗ ಬಂದರೆ ಎಲ್ಲಿ ನುಗ್ಗಬೇಕು. ಇಪ್ಪತ್ತು ಮೂವತ್ತು ಕಿಲೋಮೀಟರ್ ಆಚೆ ಬಿಟ್ಟರೆ ಇಷ್ಟೂ ಹೋಗುತ್ತದೆ. ಉರಗತಜ್ಞ ರಾಮುಲಸ್ ವಿಟೇಕರ್ 2005ರಲ್ಲಿ ಶುರುಮಾಡಿದ ಆಗುಂಬೆಯ ಮಳೆಕಾಡು ಸಂಶೋಧನಾ ಕೇಂದ್ರದಲ್ಲಿ ಕಾಳಿಂಗಗಳ ದೇಹದೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು ಹಿಂಬಾಲಿಸಿದರು. ಬೇರೆಡೆಗೆ ಒಯ್ದು ಬಿಟ್ಟ ಕಾಳಿಂಗ, ತನ್ನ ಜಾಗದಲ್ಲೇ ಇದ್ದ ಕಾಳಿಂಗಕ್ಕಿಂತ ಎಷ್ಟೋ ಹೆಚ್ಚು ಅಲೆಯಿತು. ಅಲೆಯುವ ಹಾವು ರಸ್ತೆ ದಾಟುತ್ತದೆ, ಗೊತ್ತಿಲ್ಲದ ಮನೆಗಳಿಗೆ ನುಗ್ಗುತ್ತದೆ, ಗಾಡಿಯ ಚಕ್ರಕ್ಕೋ ದೊಣ್ಣೆಗೋ ಸಿಗುತ್ತದೆ. ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹಾವುಗಳ ಮೇಲೆ ನಡೆದ ಇಂಥ ಅಧ್ಯಯನಗಳಲ್ಲೂ ಇದೇ ಕಥೆ. ನೀವು ಬಿಟ್ಟುಬಂದಿರಿ, ಅದು ಸತ್ತದ್ದು ನಿಮಗೆ ಕಾಣಲಿಲ್ಲ. ಈ ದಾರಿ ಜನಪ್ರಿಯವಾಗಿರುವುದು ಅದಕ್ಕೇ ಅಂತ ನನ್ನ ಗುಮಾನಿ.

(ಆ ಕಾಳಿಂಗದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 2024ರಲ್ಲಿ ವಿಜ್ಞಾನಿಗಳು ಕಾಳಿಂಗವನ್ನು ನಾಲ್ಕು ಪ್ರಭೇದಗಳಾಗಿ ವಿಂಗಡಿಸಿ, ಪಶ್ಚಿಮ ಘಟ್ಟದ್ದಕ್ಕೆ ಒಫಿಯೊಫಾಗಸ್ ಕಾಳಿಂಗ ಅಂತ ಹೆಸರಿಟ್ಟರು. ನಮ್ಮ ಅಜ್ಜಿಯರ ಬಾಯಲ್ಲಿದ್ದ ಪದ ಈಗ ವಿಜ್ಞಾನದ ಪುಸ್ತಕದಲ್ಲಿದೆ.)

ನಮ್ಮ ಮನೆಯ ಕಡೆಯಿಂದ ನೋಡಿದರೂ ಇದರಲ್ಲಿ ಲಾಭವಿಲ್ಲ. ಹಾವು ಬಂದದ್ದು ಇಲಿಗೆ, ಕಪ್ಪೆಗೆ, ತಂಪಿಗೆ. ಅವೆಲ್ಲ ಹಾಗೇ ಇದ್ದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಹಾವು ಬರುತ್ತದೆ. ಒಂದು ಬೇಸಿಗೆಯಲ್ಲಿ ನಮ್ಮ ಭತ್ತದ ಕಣಜದ ಹತ್ತಿರ ಇದ್ದ ದೊಡ್ಡ ಕೇರೆಯನ್ನು ಒಬ್ಬರು ಹಿಡಿದು ಎಲ್ಲೋ ದೂರ ಬಿಟ್ಟರು. ಆ ಮಳೆಗಾಲ ಇಲಿಕಾಟ ವಿಪರೀತವಾಯಿತು. ದೀಪಾವಳಿಯ ಹೊತ್ತಿಗೆ ಅದೇ ಕಣಜದ ಹಿಂದೆ ನಾಗರ. ಒಂದು ಕೇರೆ ಕೊಟ್ಟು ನಾಗರ ತಂದುಕೊಂಡ ಹಾಗಾಯಿತು.

ಅಮ್ಮನ ನಾಗಬನದ ವಿಷಯಕ್ಕೂ ಇದೇ ಅಳತೆಗೋಲು. ಮನೆಯ ಪಕ್ಕದ ಬನವಾದರೆ ಒಳ್ಳೆಯದೇ. ಕರಾವಳಿ ಮಲೆನಾಡುಗಳ ನಾಗಬನಗಳು ಕೊಡಲಿ ಬೀಳದೆ ಉಳಿದ ಪುಟ್ಟ ಕಾಡುಗಳು. ಆದರೆ ಹತ್ತೂರಿನ ನಾಗರಗಳನ್ನು ತಂದು ಒಂದೇ ಬನಕ್ಕೆ ಸುರಿದರೆ, ಅಲ್ಲಿರುವ ಕಪ್ಪೆ ಇಲಿ ಎಷ್ಟು ಹಾವಿಗೆ ಸಾಕಾದೀತು?

ಹತ್ತಿರದಲ್ಲೇ ಬಿಡುವುದು, ಅಥವಾ ಸುಮ್ಮನೆ ಇರಗೊಡುವುದು

ನನ್ನ ಮತ ಇದಕ್ಕೆ. ಹಾವಿನ ಸಂಶೋಧಕರು ಸಾಮಾನ್ಯವಾಗಿ ಹೇಳುವುದೂ ಇದನ್ನೇ: ಹಿಡಿದ ಜಾಗಕ್ಕೆ ಆದಷ್ಟು ಹತ್ತಿರ, ಹೆಚ್ಚೆಂದರೆ ಒಂದು ಕಿಲೋಮೀಟರಿನ ಒಳಗೆ, ಜನರ ಓಡಾಟವಿಲ್ಲದ ಪೊದೆ, ಕಲ್ಲು, ಹಳ್ಳದ ಬದಿ. ಹೇಳಿದರೆ ನೆರೆಮನೆಯವರು ಹೌಹಾರುತ್ತಾರೆ. ಅವರಿಗೆ ನಾನು ಹೇಳುವುದು, ಆ ಹಾವು ನಿನ್ನೆಯೂ ಇಲ್ಲೇ ಇತ್ತು, ನೀವು ನೋಡಿರಲಿಲ್ಲ.

ಹಿಡಿಯುವುದೇ ಬೇಡವಾದ ಸಂದರ್ಭಗಳೂ ಬಹಳ. ತೋಟದಲ್ಲಿ ಕಂಡ ಕೇರೆ, ದಾಸವಾಳದ ಗಿಡದ ಮೇಲಿನ ಹಸಿರು ಹಾವು, ಬಾವಿಕಟ್ಟೆಯ ನೀರೊಳ್ಳೆ, ಮಳೆ ಬಂದಾಗ ಬಚ್ಚಲಲ್ಲಿ ಎರೆಹುಳದ ಹಾಗೆ ಹೊರಳುವ ಹುಳುಹಾವು, ಇವುಗಳಿಗೆ ಯಾರನ್ನೂ ಕರೆಸಬೇಕಾಗಿಲ್ಲ. ಅರ್ಧ ಗಂಟೆ ದಾರಿ ಬಿಟ್ಟರೆ ಹೋಗುತ್ತವೆ. ವಿಷದ ಹಾವು ಅಂಗಳದ ಅಂಚಿನಲ್ಲಿ ಹಾದುಹೋಗುತ್ತಿದ್ದರೂ ಅಷ್ಟೇ, ಮಕ್ಕಳನ್ನೂ ನಾಯಿಯನ್ನೂ ಒಳಗೆ ಕರೆದುಕೊಂಡು ನೋಡುತ್ತ ನಿಲ್ಲಿ. ಮಲಗುವ ಕೋಣೆ, ಅಡುಗೆಮನೆ, ಕೊಟ್ಟಿಗೆಯೊಳಗೆ ಸೇರಿಕೊಂಡಿದ್ದರೆ ಮಾತ್ರ ಹಿಡಿಸಲೇಬೇಕು.

ಯಾವ ಹಾವಿಗೆ ಯಾವ ದಾರಿ

ಇಲ್ಲಿ ಗುರುತಿನ ತಪ್ಪು ಪ್ರಾಣ ತೆಗೆಯುತ್ತದೆ. ಅದರಲ್ಲೂ ಒಂದು ತಪ್ಪನ್ನು ಎಷ್ಟು ಸಲ ಹೇಳಿದರೂ ಕಡಿಮೆ: ಕೊಳಕು ಮಂಡಲವನ್ನು "ಹೆಬ್ಬಾವಿನ ಮರಿ" ಅಂದುಕೊಂಡು ಕೈಗೆತ್ತಿಕೊಳ್ಳುವುದು. ದಪ್ಪ ಮೈ, ಸೋಮಾರಿ ನಡೆ, ಮೈಮೇಲೆ ಕಂದು ಮಚ್ಚೆ, ಎರಡಕ್ಕೂ ಇದೆ. ಮಂಡಲದ ಮಚ್ಚೆಗಳು ಸರಪಳಿಯ ಹಾಗೆ ಮೂರು ಸಾಲಿನಲ್ಲಿ ಓರಣವಾಗಿರುತ್ತವೆ, ಮೈ ಒರಟು, ತಲೆ ತ್ರಿಕೋನ, ಕೆಣಕಿದರೆ ಕುಕ್ಕರ್ ಸೀಟಿಗೆ ಮುಂಚಿನ ಉಸಿರಿನಂಥ ಸದ್ದು. ಹೆಬ್ಬಾವಿನ ಮಚ್ಚೆಗಳು ಅಡ್ಡಾದಿಡ್ಡಿ, ಮೈ ನುಣುಪು, ಹೊಳಪು. ಮಂಡಲ ಮೊಟ್ಟೆಯಿಡದೆ ಮರಿ ಹಾಕುತ್ತದೆ, ಅದೂ ಒಂದೇ ಸಲಕ್ಕೆ ಡಜನ್‌ಗಟ್ಟಲೆ. ಹಾಗಾಗಿ ಒಂದು ಮರಿ ಕಂಡರೆ ಸುತ್ತಮುತ್ತ ಇನ್ನೂ ಇರಬಹುದು. ಮರಿಗೂ ಹುಟ್ಟಿದ ದಿನದಿಂದಲೇ ವಿಷವಿದೆ. 'ಹೆಬ್ಬಾವಿನ ಮರಿ' ಕಂಡರೆ ಅದು ಮಂಡಲವೇ ಅಂದುಕೊಂಡು ದೂರ ನಿಲ್ಲುವುದು ಕ್ಷೇಮ.

ಇನ್ನೊಂದು ಜೋಡಿ ಕಟ್ಟು ಹಾವು ಮತ್ತು ತೋಳ ಹಾವು. ಎರಡೂ ರಾತ್ರಿ ಓಡಾಡುವವು, ಎರಡಕ್ಕೂ ಅಡ್ಡಪಟ್ಟೆ. ತೋಳ ಹಾವಿಗೆ ವಿಷವಿಲ್ಲ. ಹಲ್ಲಿ ತಿನ್ನಲು ಗೋಡೆ ಹತ್ತುತ್ತದೆ. ಪಟ್ಟೆ ಕುತ್ತಿಗೆಯ ಹತ್ತಿರ ಎದ್ದು ಕಂಡು ಬಾಲದ ಕಡೆ ಮಾಸುತ್ತದೆ. ಕಟ್ಟು ಹಾವಿನದು ತಿರುಗುಮುರುಗು: ಹೊಳೆಯುವ ಕಪ್ಪು ಮೈ, ತೆಳು ಬಿಳಿ ಗೆರೆಗಳು ಜೋಡಿಜೋಡಿಯಾಗಿ, ತಲೆಯ ಹತ್ತಿರ ಅಸ್ಪಷ್ಟ, ಬಾಲದ ಕಡೆ ಸ್ಪಷ್ಟ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರನ್ನು ಕಚ್ಚುವುದು ಹೆಚ್ಚಾಗಿ ಇದೇ. ಕಚ್ಚಿದ್ದು ನೋಯುವುದೂ ಇಲ್ಲ, ಊದುವುದೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು. ಅದಕ್ಕೇ ಪಟ್ಟೆ ಎಣಿಸಲು ಬಗ್ಗಿ ನೋಡುವ ಸಾಹಸ ಬೇಡ. ದೂರದಿಂದ ಫೋನಿನಲ್ಲಿ ಜೂಮ್ ಮಾಡಿ ತೆಗೆದ ಒಂದು ಫೋಟೊ ಸಾಕು, ಬಲ್ಲವರು ಹೇಳುತ್ತಾರೆ. ಕೋಣೆಯೊಳಗೆ ಪಟ್ಟೆಯ ಹಾವು ಕಂಡರೆ ಹಿಡಿಸುವುದೇ ಸರಿ.

ನಾಗರದ ಗುರುತು ಎಲ್ಲರಿಗೂ ಗೊತ್ತು, ಆದರೆ ಹೆಡೆ ಬಿಚ್ಚದಿದ್ದಾಗ ಕೇರೆಯೆಂದು ಮೋಸಹೋಗುತ್ತಾರೆ. ಇವೆರಡೂ ಜೋಡಿಯಾಗುತ್ತವೆ ಎಂಬುದು ಬರೀ ಕಥೆ. ಒಣ, ಕಲ್ಲುನೆಲದ ಸೀಮೆಯವರಾದರೆ ಗರಗಸ ಮಂಡಲವನ್ನು ಚಿಕ್ಕದೆಂದು ಕಡೆಗಣಿಸಬೇಡಿ. ಮಲೆನಾಡಿನ ತರಗೆಲೆಯಲ್ಲಿ ಕೂರುವ ಮೂತಿ ಎತ್ತಿದ ಗುಳಿಮಂಡಲವಂತೂ ಗೇಣುದ್ದ, ಆದರೆ ನಮ್ಮ ಆಸ್ಪತ್ರೆಗಳ ಪ್ರತಿವಿಷ ಅದಕ್ಕೆ ನಾಟುವುದಿಲ್ಲ. ಆ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ. ಚೆನ್ನೈ ಸಮೀಪ 1978ರಲ್ಲಿ ಶುರುವಾದ, ಹಾವು ಹಿಡಿಯುವ ಇರುಳ ಬುಡಕಟ್ಟಿನವರ ಸಹಕಾರ ಸಂಘ ವಿಷ ತೆಗೆಯುವುದೂ ಈ ನಾಲ್ಕರಿಂದಲೇ. 'ಸಾಕುವ' ಕನಸು ಕಾಣುವವರು ಈ ಲೆಕ್ಕವನ್ನೂ ನೆನಪಿಡಬೇಕು.

ನೀರೊಳ್ಳೆಗೆ ಕೆಲವು ಕಡೆ ಒಳ್ಳೆ ಹಾವು ಅಂತಲೇ ಹೆಸರು. ವಿಷವಿಲ್ಲ ನಿಜ, ಮುಟ್ಟಿದರೆ ಕಚ್ಚುವುದರಲ್ಲಿ ಮಾತ್ರ ಒಳ್ಳೆತನವೇನೂ ಇಲ್ಲ.

ಕೆಲಕಾಲ ಇಟ್ಟುಕೊಳ್ಳಲೇಬೇಕಾದ ಹಾವು

ಇಟ್ಟುಕೊಳ್ಳುವುದೇ ಸರಿ ಅನ್ನಿಸುವ ಸಂದರ್ಭ ಒಂದಿದೆ: ಗಾಯ. ಕೋಳಿಗೂಡಿನ ಬಲೆಗೋ ಮೀನುಬಲೆಗೋ ಸಿಕ್ಕಿ ಮೈ ಕೊಯ್ದುಕೊಂಡದ್ದು, ಜೆಸಿಬಿಯ ಏಟು ತಿಂದದ್ದು, ಇಲಿ ಹಿಡಿಯುವ ಗಮ್ಮಿನ ಹಲಗೆಗೆ ಅಂಟಿದ್ದು. ಆದರೆ ಇಟ್ಟುಕೊಳ್ಳಬೇಕಾದವರು ನಾವಲ್ಲ, ಚಿಕಿತ್ಸೆ ಬಲ್ಲವರು. ಬೆಂಗಳೂರಿನಲ್ಲಾದರೆ ಕೆಂಗೇರಿ ಕಡೆಯ ಪೀಪಲ್ ಫಾರ್ ಅನಿಮಲ್ಸ್ ಆಸ್ಪತ್ರೆಯಿದೆ. ಬೇರೆ ಊರುಗಳಲ್ಲಿ ಅರಣ್ಯ ಇಲಾಖೆಯ ಮೂಲಕ ಪಶುವೈದ್ಯರು. ಗಮ್ಮಿಗೆ ಅಂಟಿದ್ದನ್ನು ಎಳೆಯಬೇಡಿ, ಚರ್ಮವೇ ಕಿತ್ತು ಬರುತ್ತದೆ. ಅಡುಗೆ ಎಣ್ಣೆ ಹಾಕಿ ನಿಧಾನಕ್ಕೆ ಬಿಡಿಸುವುದು ಕ್ರಮ, ಅದೂ ಬಲ್ಲವರ ಕೈಯಲ್ಲಿ. ಆ ಗಮ್ಮಿನ ಹಲಗೆಗಳನ್ನು ಮನೆಗೆ ತರುವುದನ್ನೇ ನಾವು ನಿಲ್ಲಿಸಿದ್ದೇವೆ.

ಮೊಟ್ಟೆ ಸಿಕ್ಕರೆ ಮುಟ್ಟದೆ ಮುಚ್ಚಿಬಿಡಿ. ಹಾವಿನ ಮೊಟ್ಟೆಯನ್ನು ತಿರುಗಿಸಿದರೆ ಒಳಗಿನ ಜೀವ ಸಾಯಬಹುದು. ಕಾಯ್ದೆಯ ಕಣ್ಣಿನಲ್ಲಿ ಮೊಟ್ಟೆ ಹಾಳುಮಾಡುವುದೂ ಬೇಟೆಯೇ.

ಕರೆಸುವುದು ಯಾರನ್ನು, ಬರುವವರೆಗೆ ಏನು

ಅರಣ್ಯ ಇಲಾಖೆಯ ಸಹಾಯವಾಣಿ 1926. ಅದು ಸಿಗದಿದ್ದರೆ 112. ಊರಿನ ಹಾವು ಹಿಡಿಯುವವರ ಪರಿಚಯವಿದ್ದರೆ, ಅವರಿಗೆ ಇಲಾಖೆಯ ಒಪ್ಪಿಗೆ ಇದೆಯೇ ಕೇಳಿ. ಕೊಕ್ಕೆ ಕೋಲು, ಪೈಪಿನ ಬಾಯಿಗೆ ಕಟ್ಟಿದ ಕಪ್ಪು ಚೀಲ ಹಿಡಿದು ಬಂದು, ಹಾವು ತಾನಾಗಿ ಕತ್ತಲೆಯ ಬಿಲವೆಂದುಕೊಂಡು ಒಳಗೆ ಹೋಗುವಂತೆ ಮಾಡಿ, ಐದು ನಿಮಿಷದಲ್ಲಿ ಗಂಟುಕಟ್ಟಿ ಹೊರಡುವವರು ಒಳ್ಳೆಯವರು. ಹೆಡೆ ಬಿಚ್ಚಿಸಿ ವಿಡಿಯೊ ಮಾಡುವವರು, ಮುತ್ತಿಡುವವರು, ಮಕ್ಕಳ ಕೈಗೆ ಬಾಲ ಕೊಡುವವರನ್ನು ಎರಡನೇ ಸಲ ಕರೆಯಬೇಡಿ. ಒಬ್ಬರ ಮನೆಯಲ್ಲಿ ವಾರದ ಹಾವುಗಳೆಲ್ಲ ಡ್ರಮ್ಮಿನಲ್ಲಿ ಕಾಯುತ್ತಿದ್ದುದನ್ನು ನೋಡಿದ್ದೇನೆ, "ಒಟ್ಟಿಗೆ ಬಿಟ್ರೆ ಪೆಟ್ರೋಲು ಉಳಿಯುತ್ತೆ" ಅಂದರು. ಅಂದಿನಿಂದ ನಾನು ಮೊದಲೇ ಕೇಳುತ್ತೇನೆ: ಎಲ್ಲಿ ಬಿಡುತ್ತೀರಿ, ಯಾವಾಗ?

ಅವರು ಬರುವವರೆಗೆ ಒಬ್ಬರು ಎರಡು ಮಾರು ದೂರದಿಂದ ಹಾವಿನ ಮೇಲೆ ಕಣ್ಣಿಟ್ಟಿರಬೇಕು. ಉಳಿದ ಕೋಣೆಗಳ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಬಟ್ಟೆ ತುರುಕಿ. ಫಿನಾಯಿಲ್, ಸೀಮೆಎಣ್ಣೆ, ಬೆಳ್ಳುಳ್ಳಿ ನೀರು ಏನೂ ಬೇಡ; ಅವುಗಳಿಂದ ಹಾವು ಓಡಿಹೋಗುವುದಿಲ್ಲ, ಗಾಬರಿಯಾಗಿ ಇನ್ನೂ ಒಳಸಂದಿಗೆ ಸೇರುತ್ತದೆ.

ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು, ಮಂತ್ರ, ನಾಟಿ ಮದ್ದು ಯಾವುದೂ ಅಲ್ಲ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು 108ಕ್ಕೋ ಸಿಕ್ಕ ಗಾಡಿಗೋ ಹತ್ತಿಸಿ, ಪ್ರತಿವಿಷವಿರುವ ಆಸ್ಪತ್ರೆಗೆ. ಹಾವನ್ನು ಹುಡುಕಿ ಹಿಡಿದು ತರಬೇಕಾಗಿಲ್ಲ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತಿದ್ದಾರೆಂಬ ಅಂದಾಜಿದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಕ್ಯಾನಿನ ಮರಿಯ ಫೋಟೊವನ್ನು ಪರಿಚಯದ ಅರಣ್ಯ ರಕ್ಷಕರಿಗೆ ಕಳಿಸಿದೆ. ನೀರೊಳ್ಳೆ ಮರಿ, ಸಿಕ್ಕಲ್ಲೇ ಈಗಲೇ ಬಿಡಿ ಅಂದರು. ಬಚ್ಚಲ ಹಿಂದಿನ ಕಾಲುವೆಗೆ ಹೋಗಿ, ಉದ್ದದ ಕೋಲಿನಿಂದ ಕ್ಯಾನನ್ನು ಅಡ್ಡ ಮಲಗಿಸಿ ದೂರ ನಿಂತೆವು. ಹೊರಗೆ ಬರಲು ಅದು ಹತ್ತು ನಿಮಿಷ ತೆಗೆದುಕೊಂಡಿತು. ಕೆಸವಿನ ಎಲೆಯ ಬುಡಕ್ಕೆ ಸರಿದು, ನೀರಿಗೆ ಇಳಿದು, ಮೂತಿ ಮಾತ್ರ ಮೇಲಿಟ್ಟು ಎದುರು ದಡಕ್ಕೆ ಹೋಯಿತು.

"ಮತ್ತೆ ಬಚ್ಚಲಿಗೆ ಬಂದ್ರೆ?" ಅಂದ ಹುಡುಗ.

ಆ ಮಧ್ಯಾಹ್ನವೇ ಪೇಟೆಗೆ ಹೋಗಿ ಬಚ್ಚಲ ತೂತಿಗೆ ಸಣ್ಣ ಕಣ್ಣಿನ ಜಾಲರಿ ತಂದು ಬಡಿದೆವು. ಮೊಳೆ ಹಿಡಿದುಕೊಂಡದ್ದು ಅವನೇ.